ಗುಳೆ ಹೋದವರ ಬದುಕನ್ನು ಚಿತ್ರಿಸುವುದು ಹೇಗೆ: ಸ್ವತಂತ್ರ ಛಾಯಾಗ್ರಾಹಕರಿಗೊಂದು ಮಾರ್ಗದರ್ಶಿ

ಬಡತನವನ್ನು ಇಡಿಯಾಗಿ ವಿಷಯವಾಗಿಟ್ಟುಕೊಂಡು ಕ್ಯಾಮೆರಾ ಹೆಗಲಿಗೇರಿಸಿ ಹೊರಟವರು ಬಹುಪಾಲು ಒಂದೇ ಬಗೆಯ ಚಿತ್ರಗಳೊಂದಿಗೆ ಮರಳುತ್ತಾರೆ: ಸುಕ್ಕುಗಟ್ಟಿದ ಮುಖ, ಮೂಗು ಸುರಿಸುವ ಮಗು, ಹರಿದ ಟಾರ್ಪಾಲು, ಒಲೆಯ ಮುಂದೆ ಕುಳಿತ ಹೆಂಗಸು. ನೋಡಿದವರಿಗೆ ಅವುಗಳಿಂದ ಮರುಕ ಹುಟ್ಟಬಹುದು. ಆದರೆ ಆ ಕುಟುಂಬ ಆ ಸ್ಥಿತಿಗೆ ಹೇಗೆ ಬಂತು, ಅದರ ದುಡಿಮೆಯ ಹಣ ಯಾರ ಕೈ ಸೇರುತ್ತಿದೆ, ನಾಳೆ ಅದು ಎಲ್ಲಿಗೆ ಹೋಗಲಿದೆ ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರ ಸಿಗುವುದಿಲ್ಲ. ಬಡತನವನ್ನು ಮುಖದಲ್ಲಿ ಹುಡುಕುವುದಕ್ಕಿಂತ ವ್ಯವಹಾರದಲ್ಲಿ, ಅಂದರೆ ಸಾಲ, ಮುಂಗಡ, ಕೂಲಿ, ಬಾಡಿಗೆ, ನೀರಿನ ಟ್ಯಾಂಕರ್, ಬಸ್ಸಿನ ಚಾರ್ಜುಗಳಲ್ಲಿ ಹುಡುಕಬೇಕೆಂಬುದು ನನ್ನ ನಂಬಿಕೆ. ಈ ಲೇಖನದ ಸಲಹೆಗಳೆಲ್ಲ ಅದನ್ನೇ ಆಧರಿಸಿವೆ. ಉದಾಹರಣೆಗೆ ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಹೋಗುವ ಗುಳೆಯನ್ನು ತೆಗೆದುಕೊಂಡಿದ್ದೇನೆ. ಬುಂದೇಲಖಂಡದಿಂದ ದೆಹಲಿಗೆ ಹೋಗುವವರನ್ನೋ ಒಡಿಶಾದಿಂದ ಇಟ್ಟಿಗೆ ಭಟ್ಟಿಗಳಿಗೆ ಹೋಗುವವರನ್ನೋ ದಾಖಲಿಸುವವರಿಗೂ ಇದೇ ಕ್ರಮ ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಮೊದಲು ವಿಷಯವನ್ನು ಕಿರಿದಾಗಿಸಿಕೊಳ್ಳಿ

ಊರಿಗೆ ಹೋಗುವ ಮೊದಲು ಓದಬೇಕಾದದ್ದು ಸಾಕಷ್ಟಿದೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಅದು ಗುರುತಿಸಿತು, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ದೊರೆತದ್ದು, 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದದ್ದು, 2023ರ ಬರದಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದದ್ದು, ಇವೆಲ್ಲ ಮೊದಲೇ ತಿಳಿದಿದ್ದರೆ ಎದುರಿಗಿರುವ ಬೀಗ ಹಾಕಿದ ಮನೆಯ ಹಿಂದಿನ ಕಥೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಅದು ಬರೀ ಬೀಗದ ಚಿತ್ರವಾಗಿ ಉಳಿಯುತ್ತದೆ.

ಅನಂತರ ಗುಳೆಯ ಪಂಚಾಂಗವನ್ನು ಬರೆದುಕೊಳ್ಳಿ. ಮಳೆಯಾಶ್ರಿತ ಹೊಲದ ತೊಗರಿ ರಾಶಿ ಮುಗಿದ ಮೇಲೆ ಊರಿನಲ್ಲಿ ಕೂಲಿ ತೆಳುವಾಗುತ್ತದೆ, ಜನವರಿಯಿಂದ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆಗಳು ಕಾಣಿಸಿಕೊಳ್ಳುತ್ತವೆ, ಮುಂಗಾರು ಹಿಡಿದಾಗ ಹಲವರು ಬಿತ್ತನೆಗೆ ಮರಳುತ್ತಾರೆ. ಕಬ್ಬು ಕಡಿಯುವ ಗ್ಯಾಂಗುಗಳ ಲೆಕ್ಕವೇ ಬೇರೆ. ಅವು ದೀಪಾವಳಿಯ ಆಸುಪಾಸಿನಲ್ಲಿ ಹೊರಟು ಕಾರ್ಖಾನೆ ನಿಲ್ಲುವವರೆಗೆ ಬೆಳಗಾವಿ ಜಿಲ್ಲೆಯಲ್ಲೋ ಮಹಾರಾಷ್ಟ್ರದಲ್ಲೋ ಇರುತ್ತವೆ. ಯುಗಾದಿ, ಮೊಹರಂ, ಊರ ಜಾತ್ರೆ, ಚುನಾವಣೆ, ಈ ನಾಲ್ಕಕ್ಕೆ ಜನ ಊರಿಗೆ ಬರುತ್ತಾರೆ. ದುಡಿದು ತಂದ ಹಣದಲ್ಲಿ ಹೊಸ ಬಟ್ಟೆ ತೊಟ್ಟು ಮೊಹರಂನ ಅಲಾಯಿ ಕುಣಿತ ಕುಣಿಯುವವರನ್ನು ಬಿಟ್ಟು, ಶೆಡ್ಡಿನಲ್ಲಿ ಮಣ್ಣು ಮೆತ್ತಿಕೊಂಡವರನ್ನು ಮಾತ್ರ ತೋರಿಸಿದರೆ ಆ ಬದುಕಿನ ಅರ್ಧವನ್ನು ಮುಚ್ಚಿಟ್ಟ ಹಾಗೆಯೇ.

ಈಗ ಚಿತ್ರಗಳ ಪಟ್ಟಿಯನ್ನು ವ್ಯವಹಾರದ ಸರಣಿಯಂತೆ ಬರೆಯಿರಿ. ಕೂಲಿಕಾರರನ್ನು ಕರೆದೊಯ್ಯುವ ಮೇಸ್ತ್ರಿ ಊರಿಗೆ ಬಂದು ಮುಂಗಡ ಎಣಿಸಿಕೊಡುವ ದಿನ, ಸಾಮಾನು ಕಟ್ಟುವಾಗ ಏನನ್ನು ಒಯ್ಯುತ್ತಾರೆ, ಏನನ್ನು ಬಿಡುತ್ತಾರೆ, ಅಜ್ಜಿಯ ಬಳಿ ಉಳಿಯುವ ಮಕ್ಕಳು, ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದೇ ವಾರದಲ್ಲಿ ಸಾಲಾಗಿ ಬೀಳುವ ಗೈರುಹಾಜರಿಗಳು, ರಾತ್ರಿ ಬಸ್ಸು, ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವುದು, ಶೆಡ್ಡಿನ ಬಾಡಿಗೆ, ನೀರಿನ ಕೊಡಕ್ಕೆ ಇಷ್ಟೆಂದು ತೆರುವ ಹಣ, ವಾರದ ಬಟವಾಡೆಯಲ್ಲಿ ಮುಂಗಡದ ಕಡಿತ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಟಿಕೆಟ್ಟಿಗೆ ಹಣವಿಲ್ಲದ್ದರಿಂದ ಈ ಪಯಣದ ಲೆಕ್ಕವೂ ಬದಲಾಗಿದೆ, ಅದೂ ನಿಮ್ಮ ಪಟ್ಟಿಯಲ್ಲಿರಲಿ. ಇಂಥ ಪಟ್ಟಿ ಕೈಯಲ್ಲಿದ್ದರೆ ದುಃಖದ ಮುಖಕ್ಕಾಗಿ ಕಾದು ಕೂರುವ ಚಟ ತಾನಾಗಿಯೇ ಕಡಿಮೆಯಾಗುತ್ತದೆ.

ಹಿಂದಿನವರು ಮಾಡಿದ್ದನ್ನು ನೋಡಿ

ನಮ್ಮ ನೆಲದಲ್ಲಿ ಹಸಿವಿನ ಛಾಯಾಚಿತ್ರಕ್ಕೆ ಹಳೆಯ ಚರಿತ್ರೆಯಿದೆ, ಅದು ಅಷ್ಟೇನೂ ಹೆಮ್ಮೆಯದಲ್ಲ. ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತ್ಯವನ್ನೂ 1876ರಿಂದ 1878ರವರೆಗೆ ಹಿಂಡಿದ, ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಕರೆದ ಆ ಕ್ಷಾಮದ ಕಾಲದಲ್ಲಿ ವಿಲ್ಲೋಬಿ ವ್ಯಾಲೇಸ್ ಹೂಪರ್ ಎಂಬ ಸೇನಾಧಿಕಾರಿ ಎಲುಬು ಕಾಣುವ ಜನರನ್ನು ಸ್ಟುಡಿಯೋದ ಗುಂಪುಚಿತ್ರಕ್ಕೆ ಕೂರಿಸಿದಂತೆ ಕೂರಿಸಿ ಚಿತ್ರ ತೆಗೆದನು. ಆ ಕ್ರಮದ ಬಗ್ಗೆ ಅಂದೇ ಆಕ್ಷೇಪಗಳು ಬಂದವು. ಸುಮಾರು 140 ವರ್ಷಗಳ ನಂತರ, 2018ರಲ್ಲಿ, ಇಟಲಿಯ ಅಲೆಸ್ಸಿಯೊ ಮಾಮೊ ಅವರ ಸರಣಿಯೊಂದು ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಕಾಣಿಸಿಕೊಂಡಿತು. ಉತ್ತರ ಪ್ರದೇಶ ಮತ್ತು ಮಧ್ಯಪ್ರದೇಶದ ಹಳ್ಳಿಗರನ್ನು ನಕಲಿ ತಿನಿಸುಗಳನ್ನು ಜೋಡಿಸಿದ ಮೇಜಿನ ಮುಂದೆ ಕಣ್ಣು ಮುಚ್ಚಿಸಿ ನಿಲ್ಲಿಸಿ, ತಮಗಿಷ್ಟವಾದ ಊಟವನ್ನು ನೆನೆಯುವಂತೆ ಹೇಳಿ ತೆಗೆದ ಆ ಚಿತ್ರಗಳಿಗೆ ಜಗತ್ತಿನ ಎಲ್ಲೆಡೆಯಿಂದ ಖಂಡನೆ ಬಂತು.

ಇವುಗಳಿಗೆ ಎದುರಾಗಿ ನೋಡಬೇಕಾದವರೂ ಇದ್ದಾರೆ. 1943ರ ಬಂಗಾಳದ ಕ್ಷಾಮವನ್ನು ಚಿತ್ರಿಸಿದ ಸುನಿಲ್ ಜಾನಾ, ಮುಂಬೈಯ ಸಫಾಯಿ ಕರ್ಮಚಾರಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸುಧಾರಕ ಓಲ್ವೆ, ತಮಿಳುನಾಡಿನ ದುಡಿಯುವ ಜನರನ್ನು ಅವರಲ್ಲೊಬ್ಬರಾಗಿ ನಿಂತು ಚಿತ್ರಿಸುವ ಎಂ. ಪಳನಿ ಕುಮಾರ್, ಈ ಮೂವರ ಕೆಲಸವನ್ನು ನಿಧಾನವಾಗಿ ನೋಡಿ. ಓಲ್ವೆ ಮತ್ತು ಪಳನಿ ಕುಮಾರ್ ಅವರ ಚಿತ್ರಗಳಲ್ಲಿ ಜನರ ಕೈಗಳು ಸದಾ ಏನನ್ನೋ ಮಾಡುತ್ತಿರುವುದನ್ನು ವಿಶೇಷವಾಗಿ ಗಮನಿಸಿ.

ಹಣದ ಲೆಕ್ಕ ಮೊದಲೇ ಹಾಕಿ

ಈ ಕೆಲಸದಿಂದಲೇ ಹೊಟ್ಟೆ ಹೊರೆಯಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕರ್ನಾಟಕದಲ್ಲಿ ಈ ಬಗೆಯ ಕೆಲಸ ಮಾಡುವ ಸ್ವತಂತ್ರ ಛಾಯಾಗ್ರಾಹಕರಲ್ಲಿ ಹಲವರು ಮದುವೆಯ ಚಿತ್ರಗಳಿಂದ, ಕಾರ್ಖಾನೆ ಮತ್ತು ಹೋಟೆಲುಗಳ ಕೆಲಸದಿಂದ ಬದುಕುತ್ತಾರೆ. ತೊಡಕೆಂದರೆ, ಮದುವೆಗಳ ಕಾಲವೂ ಗುಳೆಯ ಕಾಲವೂ ಒಂದೇ, ಎರಡೂ ಫೆಬ್ರುವರಿಯಿಂದ ಮೇವರೆಗೆ ಮೇಲಿಂದ ಮೇಲೆ ಬೀಳುತ್ತವೆ. ಆದ್ದರಿಂದ ವರ್ಷದ ಆರಂಭದಲ್ಲೇ ಯಾವ ವಾರಗಳನ್ನು ಮದುವೆಗೆ ಕೊಡುವುದಿಲ್ಲವೆಂದು ಗುರುತು ಹಾಕಿಕೊಳ್ಳಿ. ಇದನ್ನು ಮಾಡದವರ ಯೋಜನೆಗಳು ಎರಡನೆಯ ವರ್ಷಕ್ಕೇ ನಿಂತುಹೋಗುತ್ತವೆ.

ಆದಾಯದ ದಾರಿಗಳು ಕೆಲವೇ. ಪಿ. ಸಾಯಿನಾಥ್ ಅವರು 2014ರಲ್ಲಿ ಆರಂಭಿಸಿದ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ಗ್ರಾಮೀಣ ಬದುಕಿನ ಚಿತ್ರಲೇಖನಗಳನ್ನು ಪ್ರಕಟಿಸುತ್ತದೆ, ಅಲ್ಲಿಯ ಬರಹಗಳು ಕನ್ನಡದಲ್ಲೂ ಬರುತ್ತವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂತಹ ಸಂಸ್ಥೆಗಳ ಅನುದಾನಕ್ಕೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ‘ಬಡತನವನ್ನು ದಾಖಲಿಸುವೆ’ ಎಂದು ಬರೆಯುವುದಕ್ಕಿಂತ ‘ದೇವದುರ್ಗದ ಒಂದು ಊರಿನಿಂದ ಬೆಂಗಳೂರಿನ ಒಂದು ಶೆಡ್ಡಿನವರೆಗೆ ಮುಂಗಡದ ಹಣ ಸಾಗುವ ದಾರಿಯನ್ನು ದಾಖಲಿಸುವೆ’ ಎಂದು ಬರೆದರೆ ಓದುವವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಟ್ಟುತ್ತದೆ. ವಿದೇಶದಿಂದ ಹಣ ಬರುವುದಾದರೆ ಅದು ಮಾಡಿದ ಕೆಲಸದ ಸಂಭಾವನೆಯೋ ಅನುದಾನವೋ ಎಂಬುದನ್ನು ಲೆಕ್ಕಪರಿಶೋಧಕರ ಬಳಿ ಮೊದಲೇ ಸ್ಪಷ್ಟಪಡಿಸಿಕೊಳ್ಳಿ, ಎರಡಕ್ಕೂ ಕಾನೂನಿನ ನೋಟ ಬೇರೆಬೇರೆ.

ಹೆಚ್ಚಿನ ಹಣ ಬರುವುದು ಸ್ವಯಂಸೇವಾ ಸಂಸ್ಥೆಗಳ ಕೆಲಸದಿಂದ, ಹೆಚ್ಚಿನ ಎಚ್ಚರವೂ ಅಲ್ಲೇ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ಹಣ ಪಡೆದು ಮತ್ತೊಬ್ಬರ ಕೋರಿಕೆಯ ಮೇರೆಗೆ ತೆಗೆದ ಛಾಯಾಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸ ಕೊಟ್ಟವರದೇ. ಅಂದರೆ ಬಾಯಿಮಾತಿನ ಮೇಲೆ ಕೆಲಸ ಒಪ್ಪಿಕೊಂಡರೆ ಚಿತ್ರ ನಿಮ್ಮದಾಗಿ ಉಳಿಯುವುದಿಲ್ಲ. ಕೃತಿಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ, ಸಂಸ್ಥೆಗೆ ಇಷ್ಟು ವರ್ಷ, ಇಂಥ ಕೆಲಸಕ್ಕೆ ಬಳಸುವ ಹಕ್ಕು ಮಾತ್ರ ಕೊಡುತ್ತಿದ್ದೀರಿ ಎಂದು ಬರಹದಲ್ಲಿ ಮಾಡಿಸಿಕೊಳ್ಳಿ. ದೇಣಿಗೆ ಎತ್ತುವ ಜಾಹೀರಾತಿಗೆ ಚಿತ್ರ ಬಳಸುವುದಾದರೆ ಚಿತ್ರದಲ್ಲಿರುವವರ ಪ್ರತ್ಯೇಕ ಒಪ್ಪಿಗೆ ಬೇಕೆಂಬ ಷರತ್ತನ್ನೂ ಸೇರಿಸಿ. ಈ ಷರತ್ತಿಗೆ ಒಪ್ಪದ ಸಂಸ್ಥೆಯ ಕೆಲಸವನ್ನು ಬಿಟ್ಟುಬಿಡುವುದೇ ಲೇಸು. ಚಿತ್ರಗಳನ್ನು ಸಂಗ್ರಹಿಸಿಟ್ಟು ಕೇಳಿದವರಿಗೆ ಮಾರುವ ಸ್ಟಾಕ್ ಏಜೆನ್ಸಿಗಳಿಗಂತೂ ಈ ಚಿತ್ರಗಳನ್ನು ಕೊಡಲೇಬೇಡಿ: ಒಮ್ಮೆ ಅಲ್ಲಿ ಸೇರಿದ ಮುಖ ಯಾವ ದೇಶದ ಯಾವ ಬರದ ಸುದ್ದಿಯ ಜೊತೆ ಅಚ್ಚಾಗುತ್ತದೆಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ.

ಊರನ್ನು ಯಾರ ಜೊತೆ ಹೊಕ್ಕುತ್ತೀರಿ ಎಂಬುದು ಮುಖ್ಯ

ನಿಮ್ಮನ್ನು ಕೇರಿಗೆ ಯಾರು ಕರೆದೊಯ್ದರು ಎಂಬುದರ ಮೇಲೆ ಅಲ್ಲಿಯ ಮಾತು ನಿಂತಿರುತ್ತದೆ. ಊರಿನ ಪ್ರಬಲ ಜಾತಿಯ ಪಂಚಾಯಿತಿ ಸದಸ್ಯರ ಬೈಕಿನ ಹಿಂದೆ ಕುಳಿತು ದಲಿತರ ಕೇರಿಗೋ ಲಂಬಾಣಿ ತಾಂಡಾಕ್ಕೋ ಹೋದರೆ, ಕೂಲಿಯ ಬಗ್ಗೆ ಕೇಳಿದ ಪ್ರಶ್ನೆಗೆಲ್ಲ ‘ಎಲ್ಲಾ ಚಲೋ ಐತ್ರಿ’ ಎಂಬ ಉತ್ತರವೇ ಸಿಗುತ್ತದೆ, ಏಕೆಂದರೆ ಆ ಹೊಲ, ಆ ಸಾಲ, ಆ ಕೂಲಿ ಅವರದೇ ಆಗಿರಬಹುದು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಕೂಲಿಕಾರರ ಸಂಘಟನೆಯವರು, ಶಾಲೆಯ ಮೇಷ್ಟ್ರು, ಇವರಲ್ಲಿ ಯಾರ ಮೂಲಕ ಹೋದರೂ ಒಂದಲ್ಲ ಒಂದು ಬಣ್ಣ ಅಂಟುತ್ತದೆ. ಅದು ಅನಿವಾರ್ಯವಾದ್ದರಿಂದ ಎರಡನೆಯ ಬಾರಿ ಬೇರೊಬ್ಬರ ಮೂಲಕ, ಮೂರನೆಯ ಬಾರಿ ಒಬ್ಬರೇ ಹೋಗಿ. ಮೊದಲ ಭೇಟಿಯಲ್ಲಿ ಕ್ಯಾಮೆರಾ ಚೀಲದಿಂದ ಹೊರಬರದಿದ್ದರೂ ನಷ್ಟವಿಲ್ಲ.

ಮಾತಿನ ಬಗ್ಗೆ ಒಂದಿಷ್ಟು. ದಕ್ಷಿಣದಿಂದ ಹೋದವರು ಕೂಲಿಕಾರರನ್ನು ಏಕವಚನದಲ್ಲಿ ಮಾತನಾಡಿಸುವುದನ್ನು ನೋಡಿದಾಗ ನಾಚಿಕೆಯಾಗುತ್ತದೆ. ಹಿರಿಯ ಹೆಣ್ಣುಮಕ್ಕಳಿಗೆ ‘ಯವ್ವಾ’, ನಡುವಯಸ್ಸಿನವರಿಗೆ ‘ಅಕ್ಕಾರ’, ಗಂಡಸರಿಗೆ ‘ಅಣ್ಣಾರ’, ‘ಕಾಕಾ’ ಎಂದು ಕರೆಯುವುದು ಆ ಕಡೆಯ ರೂಢಿ, ಮಾತಿನ ಕೊನೆಗೆ ‘ರೀ’ ಹಚ್ಚುವುದು ಮರ್ಯಾದೆ. ನಿಮ್ಮ ಉಚ್ಚಾರಣೆ ಬೇರೆಯಾದರೂ ಯಾರೂ ನಗುವುದಿಲ್ಲ, ನಕ್ಕರೂ ಅದರಿಂದ ಮಾತು ಸಲೀಸಾಗುತ್ತದೆ. ಜಾತಿಯನ್ನು ನೇರವಾಗಿ ಕೇಳಬೇಡಿ. ಕೊಟ್ಟ ನೀರನ್ನೂ ಚಹಾವನ್ನೂ ಕುಡಿಯಿರಿ. ಆ ಲೋಟವನ್ನು ನೀವು ಬಾಯಿಗಿಡುತ್ತೀರೋ ಇಲ್ಲವೋ ಎಂಬುದನ್ನು ಇಡೀ ಕೇರಿ ನೋಡುತ್ತಿರುತ್ತದೆ.

ಇಟ್ಟಿಗೆ ಭಟ್ಟಿ, ಕಲ್ಲು ಕ್ವಾರಿ, ಕಟ್ಟಡದ ಸೈಟುಗಳಲ್ಲಿ ಕಗ್ಗಂಟು ಬೇರೆಯದು. ಮಾಲೀಕರ ಅನುಮತಿ ಪಡೆದು ಹೋದರೆ ಕೂಲಿಕಾರರು ಬಾಯಿ ಬಿಡುವುದಿಲ್ಲ, ಪಡೆಯದೆ ಹೋದರೆ ನೀವು ಹೊರಟ ಮೇಲೆ ಬೈಗುಳವೂ ಕೂಲಿಯ ಕಡಿತವೂ ಅವರ ಪಾಲಿಗೆ. ಕೆಲಸದ ಜಾಗವನ್ನು ಅನುಮತಿ ಪಡೆದೇ ಚಿತ್ರಿಸಿ, ಮಾತುಕತೆಯನ್ನು ಸಂಜೆ ಅವರ ಶೆಡ್ಡಿನಲ್ಲೋ ವಾರದ ಸಂತೆಯಲ್ಲೋ ನಡೆಸುವುದು ಒಳ್ಳೆಯದು. ಜೀತದ ಲಕ್ಷಣಗಳು ಕಂಡರೆ, ಅಂದರೆ ಮುಂಗಡ ತೀರುವವರೆಗೆ ಹೊರಹೋಗುವಂತಿಲ್ಲ ಎಂಬ ಮಾತು ಕೇಳಿದರೆ, ಚಿತ್ರವನ್ನು ಮೊದಲು ಹೊರಬಿಡಬೇಡಿ. 1976ರ ಜೀತ ನಿರ್ಮೂಲನಾ ಕಾಯ್ದೆಯಡಿ ಕ್ರಮ ಕೈಗೊಳ್ಳಬೇಕಾದವರು ಜಿಲ್ಲಾಡಳಿತದವರು. ಕೂಲಿಕಾರರ ಒಪ್ಪಿಗೆಯೊಂದಿಗೆ, ಜೀತವಿಮುಕ್ತಿಯ ಕೆಲಸದಲ್ಲಿ ಅನುಭವವಿರುವ ಜೀವಿಕದಂತಹ ಸಂಘಟನೆಯ ಮೂಲಕ ಜಿಲ್ಲಾಡಳಿತವನ್ನು ತಲುಪಿ. ಚಿತ್ರ ಮೊದಲು ಹೊರಬಂದರೆ ಅಧಿಕಾರಿಗಳು ಬರುವಷ್ಟರಲ್ಲಿ ಭಟ್ಟಿ ಖಾಲಿಯಾಗಿರುತ್ತದೆ.

ಒಪ್ಪಿಗೆ ಕೇಳುವ ಬಗೆ

ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಹಂತ ಇದು, ಅದಕ್ಕೆ ಕಾರಣ ಕ್ಯಾಮೆರಾದ ಬಗ್ಗೆ ಜನರಿಗಿರುವ ಅನುಭವ. ನಮ್ಮ ಹಳ್ಳಿಗಳಲ್ಲಿ ಬಡವರ ಫೋಟೋ ತೆಗೆಯುವುದು ಬಹುಮಟ್ಟಿಗೆ ಸರ್ಕಾರ. ವಸತಿ ಯೋಜನೆಯ ಅರ್ಧ ಕಟ್ಟಿದ ಗೋಡೆಯ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಫೋಟೋ, ಶೌಚಾಲಯದ ಬಾಗಿಲಲ್ಲಿ ಫೋಟೋ, ನೆರೆ ಪರಿಹಾರದ ಕಿಟ್ ಹಿಡಿದು ಫೋಟೋ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಆಪ್ ಮೂಲಕ ದಿನಕ್ಕೆರಡು ಬಾರಿ ಫೋಟೋ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು, ಫೋಟೋ ಇಲ್ಲವೆಂದರೆ ಕೂಲಿಯೂ ಇಲ್ಲ. ಹೀಗಾಗಿ ನೀವು ಕ್ಯಾಮೆರಾ ಎತ್ತಿದ ಕೂಡಲೇ ಜನ ಸಾಲಾಗಿ, ನೆಟ್ಟಗೆ, ಕೆಲವೊಮ್ಮೆ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಅದನ್ನು ಒಪ್ಪಿಗೆಯೆಂದು ತಿಳಿಯಬಾರದು. ಅವರು ಸಲ್ಲಿಸುತ್ತಿರುವುದು ಒಂದು ಅರ್ಜಿ, ನೀವು ಆ ಅರ್ಜಿಯನ್ನು ಸ್ವೀಕರಿಸುವ ಅಧಿಕಾರಿಯಲ್ಲ.

ಆದ್ದರಿಂದ ಮೊದಲು ಏನು ಸಿಗುವುದಿಲ್ಲ ಎಂಬುದನ್ನು ಹೇಳಿ. ಹೆಚ್ಚುಕಡಿಮೆ ಹೀಗೆ: ‘ಯವ್ವಾ, ನಾವು ಸರ್ಕಾರದವರಲ್ಲ, ಸಂಘದ ಕಂತು ಕೇಳಾಕ ಬಂದವರೂ ಅಲ್ಲ. ಈ ಫೋಟೋದಿಂದ ನಿಮಗ ಮನಿ ಬರಂಗಿಲ್ಲ, ಕಾರ್ಡು ಬರಂಗಿಲ್ಲ. ಪೇಪರಿನ್ಯಾಗ ಬರತೈತಿ, ಫೋನಿನ್ಯಾಗೂ ಬರತೈತಿ, ನಿಮ್ಮೂರವರು ನೋಡಬಹುದು, ಮೇಸ್ತ್ರಿನೂ ನೋಡಬಹುದು. ಬ್ಯಾಡ ಅಂದ್ರ ತಗಿಯಂಗಿಲ್ಲ.’ ಇದನ್ನು ಕೇಳಿದ ಮೇಲೆ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ, ಉಳಿದವರ ಒಪ್ಪಿಗೆಗೆ ಆಗ ಬೆಲೆಯಿರುತ್ತದೆ. ಹಿಂದೆ ಪ್ರಕಟವಾದ ನಿಮ್ಮದೇ ಚಿತ್ರವನ್ನು ಪತ್ರಿಕೆಯ ಪುಟದಲ್ಲೂ ಮೊಬೈಲ್ ಪರದೆಯಲ್ಲೂ ತೋರಿಸಿದರೆ ‘ಪ್ರಕಟಣೆ’ ಎಂದರೇನೆಂದು ವಿವರಿಸುವ ಶ್ರಮ ಅರ್ಧ ತಪ್ಪುತ್ತದೆ.

ಸಹಿ ಹಾಕಿಸುವ ಫಾರಂ ಒಯ್ಯುವುದು ವಿದೇಶಿ ಸಂಸ್ಥೆಗಳ ರೂಢಿ. ಆದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ, ಸಂಘದ ಸಾಲಕ್ಕೆ ಸಿಕ್ಕಿಬಿದ್ದವರ ಊರಿನಲ್ಲಿ ಆ ಕಾಗದವೇ ಭಯ ಹುಟ್ಟಿಸುತ್ತದೆ. ಒಪ್ಪಿಗೆಯ ಮಾತನ್ನು ಅವರದೇ ದನಿಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಎಷ್ಟೋ ಮೇಲು. ಹೆಸರು ಹಾಕಬಹುದೇ, ಊರು ಹಾಕಬಹುದೇ, ಮುಖ ಕಾಣಬಹುದೇ ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳಿ. ಮೇಸ್ತ್ರಿ ಪಕ್ಕದಲ್ಲಿದ್ದಾಗ ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಂಡ ಒಪ್ಪಿದ ಮಾತ್ರಕ್ಕೆ ಹೆಂಡತಿ ಒಪ್ಪಿದಂತಾಗುವುದಿಲ್ಲ.

ದುಡ್ಡು ಕೊಡಬೇಕೇ? ಫೋಟೋಕ್ಕೆ ನಿಂತದ್ದಕ್ಕೆ ಕೊಡಬಾರದು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಮರುದಿನ ನಿಮ್ಮ ಕಣ್ಣಿಗೆ ಬೀಳುವ ಎಲ್ಲವೂ ನಿಮಗಾಗಿಯೇ ಏರ್ಪಟ್ಟಿರುತ್ತದೆ. ಆದರೆ ನಿಮ್ಮ ಮಾತುಕತೆಯಿಂದ ಯಾರಾದರೂ ಅರ್ಧ ದಿನದ ಕೂಲಿ ಕಳೆದುಕೊಂಡರೆ ಅದನ್ನು ತುಂಬಿಕೊಡುವುದು ನ್ಯಾಯ. ಅದನ್ನು ಪ್ರಕಟಿಸುವ ಸಂಪಾದಕರಿಗೂ ತಿಳಿಸಿ. ರಜೆಯ ದಿನ ಅಥವಾ ಸಂಜೆ ಹೋದರೆ ಈ ಪ್ರಶ್ನೆಯೇ ಬರುವುದಿಲ್ಲ.

ಚಿತ್ರ ತೆಗೆಯುವಾಗ

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಕ್ಯಾಮೆರಾ, 28 ಅಥವಾ 35 ಮಿ.ಮೀ. ಲೆನ್ಸ್ ಒಂದು, ಸದ್ದಿಲ್ಲದ ಶಟರ್ ಇದ್ದರೆ ಒಳ್ಳೆಯದು. ಒಳ್ಳೆಯ ಮೊಬೈಲಿನಿಂದಲೂ ಕೆಲಸ ನಡೆಯುತ್ತದೆ. ಉದ್ದನೆಯ ಟೆಲಿ ಲೆನ್ಸನ್ನು ಮನೆಯಲ್ಲೇ ಬಿಡಿ, ದೂರದಿಂದ ಕದ್ದು ತೆಗೆಯುವ ಆಸೆಯೂ ಅದರೊಂದಿಗೆ ಮನೆಯಲ್ಲೇ ಉಳಿಯುತ್ತದೆ. ಭಟ್ಟಿಯ ದೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಪವರ್ ಬ್ಯಾಂಕ್ ಒಯ್ಯಿರಿ, ಏಕೆಂದರೆ ಹಲವು ಶೆಡ್ಡುಗಳಲ್ಲಿ ಕರೆಂಟಿಲ್ಲ, ಅಲ್ಲಿಯವರು ಅಂಗಡಿಗೆ ಹಣ ಕೊಟ್ಟು ಮೊಬೈಲ್ ಚಾರ್ಜ್ ಮಾಡಿಸಿಕೊಳ್ಳುತ್ತಾರೆ.

ಬೆಳಕಿನ ವಿಷಯದಲ್ಲಿ ಎರಡು ತೊಂದರೆಗಳು ಖಚಿತ. ನೀಲಿ ಟಾರ್ಪಾಲಿನ ಶೆಡ್ಡಿನೊಳಗೆ ಹಗಲಿನ ಬೆಳಕೆಲ್ಲ ನೀಲಿಯಾಗಿ ಮುಖಗಳು ಹೆಣದ ಬಣ್ಣಕ್ಕೆ ತಿರುಗುತ್ತವೆ. ಒಳಗೇ ಒಂದು ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳಿ, ರಾ ಫೈಲಿನಲ್ಲೇ ತೆಗೆಯಿರಿ, ಬಾಗಿಲ ಕಡೆಯ ಬೆಳಕು ಮುಖಕ್ಕೆ ಬೀಳುವಂತೆ ನೀವೇ ಜಾಗ ಬದಲಿಸಿ. ಎರಡನೆಯದು ರಾಯಚೂರಿನ ಬಿಸಿಲು. ಬೆಳ್ಳಗಾದ ಆಕಾಶವನ್ನು ನೋಡಿ ಕ್ಯಾಮೆರಾ ತಾನಾಗಿಯೇ ಬೆಳಕು ತಗ್ಗಿಸಿದಾಗ ಕಪ್ಪು ಮೈಬಣ್ಣದವರ ಮುಖ ಬರೀ ನೆರಳಾಗುತ್ತದೆ. ಮುಖದ ಮೇಲೆಯೇ ಬೆಳಕನ್ನು ಅಳೆಯಿರಿ, ಆಕಾಶ ಸುಟ್ಟು ಬೆಳ್ಳಗಾದರೂ ಚಿಂತೆಯಿಲ್ಲ.

ಕೂತವರನ್ನು ನಿಂತು ತೆಗೆಯಬೇಡಿ, ಮೇಲಿನಿಂದ ನೋಡಿದರೆ ಯಾರಾದರೂ ದೀನರಾಗಿ ಕಾಣುತ್ತಾರೆ. ಅವರ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕೂರಿ. ಕಪ್ಪುಬಿಳುಪಿನ ಬಗ್ಗೆ ನನಗೆ ಅನುಮಾನವಿದೆ: ಮೊಬೈಲ್ ರೀಚಾರ್ಜಿನ ಅಂಗಡಿ, ಹಳದಿ ಹೆಲ್ಮೆಟ್ಟು, ಹಿಂದೆ ಏಳುತ್ತಿರುವ ಗಾಜಿನ ಕಟ್ಟಡ, ಇವೆಲ್ಲ ಈ ಬಡತನ ಇಂದಿನದು, ಈ ನಗರ ಕಟ್ಟುವುದರಿಂದಲೇ ಉಂಟಾಗುತ್ತಿರುವುದು ಎಂದು ಹೇಳುತ್ತಿರುವಾಗ ಬಣ್ಣ ತೆಗೆದು ಅದನ್ನು ಹಳೆಯ ಕಾಲಕ್ಕೆ ತಳ್ಳುವುದೇಕೆ? ಸ್ನಾನ, ಬಯಲು ಶೌಚ, ಮೈ ಮೇಲೆ ಸರಿಯಾದ ಬಟ್ಟೆಯಿಲ್ಲದ ಮಕ್ಕಳು, ಕುಡಿದು ಬಿದ್ದವರು, ಇವನ್ನು ತೆಗೆಯಬೇಡಿ. ಯಾರಿಗಾದರೂ ತುರ್ತು ನೆರವು ಬೇಕಾದಾಗ ಕ್ಯಾಮೆರಾ ಕೆಳಗಿಟ್ಟು 108ಕ್ಕೆ ಕರೆ ಮಾಡಿ, ಮಗು ಅಪಾಯದಲ್ಲಿದ್ದರೆ 1098ಕ್ಕೆ.

ಕಾನೂನು ಎಲ್ಲಿ ತಡೆಯುತ್ತದೆ

2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವಂಥ ಚಿತ್ರವನ್ನು ಪ್ರಕಟಿಸುವಂತಿಲ್ಲ. ಉಲ್ಲಂಘಿಸಿದರೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ದುಡಿಯುತ್ತಿರುವ, ಭಿಕ್ಷೆ ಬೇಡುತ್ತಿರುವ ಮಕ್ಕಳು ಬಹುತೇಕ ಈ ವ್ಯಾಖ್ಯೆಯೊಳಗೇ ಬರುತ್ತಾರೆ. ಆದ್ದರಿಂದ ಭಟ್ಟಿಯಲ್ಲಿ ಇಟ್ಟಿಗೆ ಹೊರುವ ಹುಡುಗಿಯ ಮುಖ ತೋರಿಸುವ ಹಕ್ಕು, ತಂದೆತಾಯಿ ಒಪ್ಪಿದರೂ, ನಿಮಗಿಲ್ಲ. ಕೈ, ಬೆನ್ನು, ನೆರಳು, ಹೊತ್ತ ಭಾರ, ಇವುಗಳಿಂದಲೇ ಚಿತ್ರ ಕಟ್ಟಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಪೋಕ್ಸೊ ಕಾಯ್ದೆಯೂ ಭಾರತೀಯ ನ್ಯಾಯ ಸಂಹಿತೆಯೂ ರಕ್ಷಿಸುತ್ತವೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. ಬಾಗಿಲೇ ಇಲ್ಲದ ಶೆಡ್ಡಿನಲ್ಲಿ ವಾಸಿಸುವವರಿಗೂ ಆ ಹಕ್ಕು ಅಷ್ಟೇ ಇದೆ.

ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ಅಧಿಕಾರಿಗಳ ಅನುಮತಿ ಪಡೆಯಿರಿ. ವಿದೇಶಿ ಗೆಳೆಯರು ಜೊತೆಗೆ ಬಂದು ಇಂಥ ಕೆಲಸ ಮಾಡುವುದಾದರೆ ಪ್ರವಾಸಿ ವೀಸಾ ಸಾಲದು, ಪತ್ರಕರ್ತರ ವೀಸಾ ಬೇಕಾಗುತ್ತದೆ.

ಚಿತ್ರದಡಿಯ ಬರಹ ಮತ್ತು ಅದರ ಅಪಾಯ

ಯಾರು, ಎಲ್ಲಿಯವರು, ಯಾವ ಕೆಲಸ, ದಿನಕ್ಕೆಷ್ಟು ಕೂಲಿ, ಮುಂಗಡವೆಷ್ಟು, ಚಿತ್ರ ತೆಗೆದ ದಿನ ಯಾವುದು, ಇಷ್ಟನ್ನೂ ಅದೇ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಚಿತ್ರಗಳನ್ನು ಎರಡು ಬೇರೆ ಡ್ರೈವುಗಳಿಗೆ ಹಾಕಿದ ಮೇಲೆಯೇ ಕಾರ್ಡನ್ನು ಅಳಿಸಿ. ‘ಬಡ ಮಹಿಳೆಯೊಬ್ಬರು’ ಎಂದು ಬರೆಯುವ ಬದಲು ‘ಸೆಂಟ್ರಿಂಗ್ ಕೆಲಸದ ಕೂಲಿಕಾರ್ತಿ’ ಎಂದು ಬರೆಯಿರಿ. ಅವರು ಹೇಳದ ಭಾವನೆಯನ್ನು ನೀವು ಅಡಿಬರಹದಲ್ಲಿ ಸೇರಿಸಬೇಡಿ.

ಆದರೆ ಪೂರ್ಣ ವಿವರ ಕೊಡುವುದೇ ಕೆಲವೊಮ್ಮೆ ಕೇಡಾಗುತ್ತದೆ. ಗುಳೆ ಹೋದ ಅನೇಕರು ಮೈಕ್ರೋಫೈನಾನ್ಸ್ ಕಂತುಗಳನ್ನು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಹೊರಟವರು. ವಸೂಲಿಯ ಕಿರುಕುಳ ಎಷ್ಟು ಬೆಳೆದಿತ್ತೆಂದರೆ ರಾಜ್ಯ ಸರ್ಕಾರ 2025ರಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಶೆಡ್ಡಿನ ಬಡಾವಣೆಯ ಹೆಸರು, ಹಿಂದೆ ಕಾಣುವ ಅಪಾರ್ಟ್‌ಮೆಂಟಿನ ಫಲಕ, ಫೈಲಿನೊಳಗೆ ಅಡಗಿರುವ ಜಿಪಿಎಸ್ ಗುರುತು, ಇವುಗಳಲ್ಲಿ ಒಂದು ಸಿಕ್ಕರೂ ವಸೂಲಿಯವರು ಬಾಗಿಲಿಗೆ ಬರಬಹುದು. ಕ್ಯಾಮೆರಾದ ಲೊಕೇಶನ್ ಆರಿಸಿ, ಬೇಕಾದಲ್ಲಿ ಬಡಾವಣೆಯ ಹೆಸರಿನ ಬದಲು ‘ಬೆಂಗಳೂರಿನ ಪೂರ್ವಭಾಗ’ ಎಂದಷ್ಟೇ ಬರೆಯಿರಿ.

ಊರಿನ ಹೆಸರನ್ನು ಬಿಡುವುದೂ ಅಪಾಯವಾಗಬಹುದು ಎಂಬುದಕ್ಕೆ 2020ರ ಜನವರಿಯಲ್ಲಿ ನಡೆದ, ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಪ್ರಕರಣವಿದೆ. ಅಲ್ಲಿಯ ಶೆಡ್ಡುಗಳಲ್ಲಿ ಅಕ್ರಮ ಬಾಂಗ್ಲಾದೇಶೀಯರಿದ್ದಾರೆಂಬ ಮಾತಿನೊಂದಿಗೆ ವಿಡಿಯೋ ಒಂದು ಹರಿದಾಡಿತು, ಕೆಲವೇ ದಿನಗಳಲ್ಲಿ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಈಶಾನ್ಯ ರಾಜ್ಯಗಳವರೂ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು, ಕೊನೆಗೆ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ಆದ್ದರಿಂದ ಎಲ್ಲಿಂದ ಬಂದವರು ಎಂಬುದನ್ನು ಹೇಳಿ, ಎಲ್ಲಿದ್ದಾರೆ ಎಂಬುದನ್ನು ಮಸುಕಾಗಿಸಿ. ಬಹುಪಾಲು ಸಂದರ್ಭಗಳಿಗೆ ಇದು ಒಗ್ಗುತ್ತದೆ, ಎಲ್ಲಕ್ಕೂ ಅಲ್ಲ. ಗೊಂದಲವಿದ್ದರೆ ಅವರನ್ನೇ ಕೇಳಿ, ಯಾರಿಂದ ಅಪಾಯವಿದೆಯೆಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಚಿತ್ರವನ್ನು ತಿದ್ದುವಾಗ ಬೆಳಕು, ಬಣ್ಣ ಸರಿಪಡಿಸುವುದಕ್ಕಿಂತ ಮುಂದೆ ಹೋಗಬೇಡಿ. ಇದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಎರಡೂ ವರ್ಲ್ಡ್ ಪ್ರೆಸ್ ಫೋಟೋದಂತಹ ಸ್ಪರ್ಧೆಗಳಲ್ಲಿ ನಿಷಿದ್ಧ. ಕೃತಕ ಬುದ್ಧಿಮತ್ತೆಯ ಚಿತ್ರಗಳು ತುಂಬಿರುವ ಈ ಕಾಲದಲ್ಲಿ ಮೂಲ ರಾ ಫೈಲನ್ನು ಜೋಪಾನವಾಗಿಡುವುದು ನಿಮ್ಮ ಸಾಕ್ಷ್ಯ.

ಪ್ರಕಟವಾದ ಮೇಲೆ

ಪ್ರತಿಯೊಬ್ಬರಿಗೂ ಅಂಚೆಕಾರ್ಡಿನಳತೆಯ ಪ್ರಿಂಟ್ ಮಾಡಿಸಿ ಕೈಗೇ ಕೊಡಿ. ಪ್ರಕಟವಾದ ಚಿತ್ರಕ್ಕಿಂತ ಮನೆಯವರೆಲ್ಲ ಒಟ್ಟಿಗೆ ನಿಂತದ್ದು, ಮಗ ಬೈಕಿನ ಮೇಲೆ ಕುಳಿತದ್ದು ಅವರಿಗೆ ಹೆಚ್ಚು ಬೇಕಾಗಿರುತ್ತದೆ; ಅವರು ಕೇಳಿದ ಅಂಥ ಚಿತ್ರವನ್ನೂ ಅಷ್ಟೇ ಶ್ರದ್ಧೆಯಿಂದ ತೆಗೆಯಿರಿ. ಲೇಖನವನ್ನು ಓದಿ ಹೇಳಿ, ಕೂಲಿಯ ಅಂಕಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ದಾಖಲೆ ಪುಸ್ತಕ ಇಟ್ಟುಕೊಳ್ಳಿ. ಯಾವ ಚಿತ್ರದಲ್ಲಿ ಯಾರಿದ್ದಾರೆ, ಏನಕ್ಕೆ ಒಪ್ಪಿದ್ದಾರೆ, ಅದು ಎಲ್ಲೆಲ್ಲಿ ಪ್ರಕಟವಾಗಿದೆ, ಅವರ ಊರಿನ ಮನೆಯವರ ಫೋನ್ ನಂಬರ್ ಯಾವುದು ಎಂಬುದೆಲ್ಲ ಅದರಲ್ಲಿರಲಿ, ನಿಮ್ಮ ನಂಬರ್ ಅವರ ಬಳಿಯಿರಲಿ. ವರ್ಷಗಳ ನಂತರ ಮಗಳ ಮದುವೆ ಗೊತ್ತಾಗುತ್ತಿದೆ, ಶೆಡ್ಡಿನ ಚಿತ್ರ ತೆಗೆದುಬಿಡಿ ಎಂದು ಕರೆ ಬರಬಹುದು. ಕಾರಣ ಕೇಳದೆ ಅದೇ ದಿನ ನಿಮ್ಮ ಪುಟದಿಂದ ತೆಗೆಯಿರಿ, ಪ್ರಕಟಿಸಿದವರಿಗೆಲ್ಲ ಪತ್ರ ಬರೆಯಿರಿ, ಯಾರು ತೆಗೆದರು, ಯಾರು ತೆಗೆಯಲಿಲ್ಲ ಎಂಬುದನ್ನು ಕರೆ ಮಾಡಿದವರಿಗೆ ತಿಳಿಸಿ.